ಸೇವ್ ಮಾಡದೆ ಎದ್ದು ಬಂದೆ

ಇಳಕಲ್ಲಿನ ಆ ಕಾಲೇಜಿಗೆ ನಾನು ಮೊದಲ ಸಲ ಹೋದಾಗ ಪ್ರಿನ್ಸಿಪಾಲರು ಬಾಗಿಲನ್ನೇ ನೋಡುತ್ತಿದ್ದರು, ನನ್ನ ಹಿಂದೆ ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ. ನಾನು ಬ್ಯಾಗು ಇಳಿಸಿ, ಲ್ಯಾಪ್‌ಟಾಪ್ ತೆಗೆದು, ವೈರು ಬಿಡಿಸಿಕೊಂಡು ಕೂತರೂ ಅವರ ಕಣ್ಣು ಅಲ್ಲಿಂದ ಕದಲಲಿಲ್ಲ.

“ಇಂಜಿನಿಯರ್ ಸಾಹೇಬ್ರು ಎಲ್ಲಿ ಅದಾರ?” ಎಂದು ಕೇಳಿದರು.

“ನಾನ ರೀ ಸರ್ರ.”

“ನೀವ?” ಎಂದು ಬಾಗಿಲನ್ನು ಇನ್ನೊಮ್ಮೆ ನೋಡಿ, “ಆತು, ಮಾಡ್ರಿ. ತಿಳೀಲಿಲ್ಲಂದ್ರ ನಿಮ್ಮ ಆಫೀಸಿಗೆ ಫೋನ್ ಹಚ್ಚಿ ಯಾರರ ಗಂಡಸ್ರನ್ನ ಕೇಳ್ರಿ. ಸಂಕೋಚ ಮಾಡ್ಕೋಬ್ಯಾಡ್ರಿ” ಎಂದರು.

ಮುಂದಿನ ಒಂದೂವರೆ ತಿಂಗಳು ನಾನು ಮಾಡಿದ ಕಿತಾಪತಿಗೆಲ್ಲ ಈ ಒಂದು ಮಾತೇ ಕಾರಣ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಕಿತಾಪತಿ ನನಗೆ ಹುಟ್ಟಿನಿಂದಲೇ ಬಂದದ್ದು. ಅವರ ಮಾತು ಒಂದು ನೆಪ ಒದಗಿಸಿತು ಅಷ್ಟೆ.

ಬಾಗಲಕೋಟೆಯ ನವನಗರದಲ್ಲಿ ನಾನು ಕೆಲಸ ಮಾಡುವ ಸಣ್ಣ ಆಫೀಸಿದೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕಾಲೇಜು, ಸೊಸೈಟಿ, ದವಾಖಾನೆಗಳಲ್ಲಿ ಇಂಟರ್ನೆಟ್ ಕೈಕೊಟ್ಟರೆ ನಮಗೆ ಫೋನು ಬರುತ್ತದೆ. ಹದಿಮೂರು ವರ್ಷದಿಂದ ನಾನು ಈ ಕೆಲಸದಲ್ಲಿದ್ದೇನೆ. ಏಣಿ ಹತ್ತಿ ತಾರಸಿಯಲ್ಲಿ ಬಿಸಿಲು ತಿಂದಿದ್ದೇನೆ, ಹಲ್ಲಿ ಸತ್ತು ಒಣಗಿದ ಪೆಟ್ಟಿಗೆಗಳನ್ನು ಬಿಚ್ಚಿ ತೊಳೆದಿದ್ದೇನೆ. ಎಲ್ಲಿ ಹೋದರೂ ಮೊದಲ ಐದು ನಿಮಿಷ ಜನ ನನ್ನ ಬೆನ್ನ ಹಿಂದೆ ಇಂಜಿನಿಯರನ್ನು ಹುಡುಕುತ್ತಾರೆ. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನು ನಾನು ಬಿಟ್ಟು ಬಹಳ ವರ್ಷವಾಗಿತ್ತು. ಆದರೆ ‘ಸಂಕೋಚ ಮಾಡ್ಕೋಬ್ಯಾಡ್ರಿ’ ಎಂಬ ಔದಾರ್ಯ ಮಾತ್ರ ಹೊಸದು.

ಅವರಿಗೆ ಬೇಕಾಗಿದ್ದ ಕೆಲಸ ಬಹಳ ಸರಳವಾಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಫೋನು ಹಿಡಿದು ಕ್ರಿಕೆಟ್ ನೋಡುತ್ತಾರೆ, ಅದು ನಿಲ್ಲಬೇಕು. “ಬರೇ ಕ್ರಿಕೆಟ್ ಅಲ್ಲ. ಸಿನಿಮಾ, ನಾಟಕ, ರೀಲ್ಸು, ವಿಡಿಯೋ ಅಂಬೋದ ಈ ಬಿಲ್ಡಿಂಗಿನ್ಯಾಗ ಬರಬಾರದು. ನನ್ನ ಚೇಂಬರ್ ಸೇರಿ ಬಂದ್ ಮಾಡ್ರಿ. ನಿಯಮ ಅಂದ್ರ ಎಲ್ಲಾರಿಗೂ ಒಂದ” ಎಂದರು. ಎರಡು ವರ್ಷದಲ್ಲಿ ನಿವೃತ್ತಿಯಾಗುವವರು, ರಸಾಯನಶಾಸ್ತ್ರದವರು. ಅಂಗಿಯ ಕೈಗಳಿಗೆ ಕೂಡ ಇಸ್ತ್ರಿಯ ಗೆರೆ ಇರುತ್ತಿತ್ತು. ಕೊನೆಯ ಮಾತನ್ನು ಕಾರಿಡಾರಿಗೆ ಕೇಳುವಷ್ಟು ಜೋರಾಗಿ ಹೇಳಿದರು.

ಆ ಕಾಲೇಜು ಊರಿನ ಕೆಂಪು ಕಲ್ಲಿನಲ್ಲೇ ಕಟ್ಟಿದ್ದು. ಗೋಡೆಗಳು ಮೊಳ ದಪ್ಪ. ಒಳಗೆ ತಂಪು ಚೆನ್ನಾಗಿದೆ, ಆದರೆ ಫೋನಿಗೆ ಸಿಗ್ನಲ್ ಬರುವುದಿಲ್ಲ. ಒಂದು ಕಾಲ್ ಮಾಡಬೇಕೆಂದರೂ ಅಂಗಳದ ಬೇವಿನ ಗಿಡದ ಕೆಳಗೆ ಬರಬೇಕು. ಹೀಗಾಗಿ ಒಳಗಿದ್ದವರಿಗೆ ಕಾಲೇಜಿನ ವೈಫೈಯೇ ಗತಿ. ಅದನ್ನು ಹಂಚುವ ರೂಟರ್ ಪೆಟ್ಟಿಗೆ ಪ್ರಿನ್ಸಿಪಾಲರ ಕೋಣೆಗೂ ಸ್ಟಾಫ್ ರೂಮಿಗೂ ನಡುವಿನ ಕಾರಿಡಾರಿನಲ್ಲಿ, ಗೋಡೆಯ ಮೇಲೆ ಇತ್ತು. ಅದರ ಪ್ಲಗ್ಗು, ಬಟನ್ನು ಎಲ್ಲ ಹೊರಗೇ.

ನಾನು ಕೂತು ವಿಡಿಯೋಗಳನ್ನು ಬಂದ್ ಮಾಡಿದೆ. ಸ್ಟಾಫ್ ರೂಮಿನಿಂದ ಒಂದೇ ಸಲಕ್ಕೆ ಐದಾರು ಜನ “ಅಯ್ಯ!” ಎಂದದ್ದು ಕೇಳಿಸಿತು. ಪ್ರಿನ್ಸಿಪಾಲರ ಮುಖ ಅರಳಿತು. “ಶಾಬ್ಬಾಸ್” ಎಂದು ಕೋಣೆಗೆ ಹೋದರು.

ಅವರು ಹೋದದ್ದೇ ತಡ, ಸ್ಟಾಫ್ ರೂಮಿನಿಂದ ಕನ್ನಡದ ಅಕ್ಕಾರು ಬಂದರು. ಐವತ್ತು ದಾಟಿದವರು, ಕೆಂಪು ಸೆರಗಿನ ಇಳಕಲ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ಹಳಗನ್ನಡ ಪಾಠ ಮಾಡುವುದರಲ್ಲಿ ಅವರದು ಎತ್ತಿದ ಕೈ ಎಂದು ಆಮೇಲೆ ಕೇಳಿದೆ. ಆ ಹೊತ್ತಿಗೆ ಅವರ ಕೈಯಲ್ಲಿದ್ದ ಫೋನಿನಲ್ಲಿ ಬೌಲರೊಬ್ಬ ಓಡಿ ಬರುತ್ತ ಗಾಳಿಯಲ್ಲೇ ನಿಂತುಬಿಟ್ಟಿದ್ದ.

“ತಂಗಿ, ಇಂವಾ ಇನ್ನ ಮುಂದ ಬರೂದ ಇಲ್ಲೇನು?” ಎಂದು ಬೌಲರನ್ನು ತೋರಿಸಿದರು.

“ಸರ್ ಹೇಳ್ಯಾರ್ರಿ ಅಕ್ಕಾರ. ನಾ ಏನ್ ಮಾಡ್ಲಿ?”

ಅವರು ಒಳಗೆ ಹೋಗಿ ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಬಂದರು. “ಬಾಗಲಕೋಟಿಯಿಂದ ಬಸ್ಸಿನ್ಯಾಗ ಕುಂತ ಬಂದೀ. ಮದ್ಲ ತಿನ್ನು” ಎಂದರು. ನಾನು ತಿಂದೆ. ಅವರು ಎದುರು ಕುರ್ಚಿಯಲ್ಲಿ ಕೂತು ಆ ನಿಂತ ಬೌಲರನ್ನೇ ನೋಡುತ್ತಿದ್ದರು.

ಈಗ ರೂಟರಿನ ಒಂದು ಸ್ವಭಾವ ಹೇಳಬೇಕು. ಅದಕ್ಕೆ ಏನು ಹೇಳಿದರೂ ಆ ಕ್ಷಣಕ್ಕೇ ಕೇಳುತ್ತದೆ. ಆದರೆ ಕೇಳಿದ್ದನ್ನು ಕಾಯಂ ನೆನಪಿಡಬೇಕಾದರೆ, ಕೊನೆಗೆ ಸೇವ್ ಮಾಡು ಎಂದು ಇನ್ನೊಂದು ಮಾತು ಹೇಳಬೇಕು. ಎರಡೇ ಅಕ್ಷರ ಒತ್ತಿದರೆ ಸಾಕು. ಒತ್ತದಿದ್ದರೆ ಕರೆಂಟು ಇರುವ ತನಕ ಮಾತ್ರ ಅದು ನಮ್ಮ ಮಾತಿನಲ್ಲಿರುತ್ತದೆ. ಕರೆಂಟು ಹೋಗಿ ಬಂದರೆ, ಹಿಂದೆ ಯಾವಾಗಲೋ ಸೇವ್ ಮಾಡಿದ್ದಷ್ಟೇ ಅದಕ್ಕೆ ಗೊತ್ತು, ಉಳಿದದ್ದು ಮರೆತುಹೋಗಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾವು ಮೊದಲು ಕಲಿಸುವುದೇ ಇದನ್ನು. ಸೇವ್ ಮಾಡದೆ ಏಳಬೇಡ.

ನಾನು ಕೈ ತೊಳೆದುಕೊಂಡು ಬಂದು, ಲ್ಯಾಪ್‌ಟಾಪಿನ ಮುಂದೆ ಕೂತು, ಸೇವ್ ಮಾಡದೆ ಎದ್ದೆ.

ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ ಗೋಡೆಗೆ ಹೇಳಿದಂತೆ ಹೇಳಿದೆ: “ಬ್ಯಾಸಿಗಿ ದಿನಾ, ಅಕ್ಕಾರ. ಈ ಪೆಟಗಿ ಕರೆಂಟ್ ಹೋಗಿ ಬಂದ್ರ ಎಲ್ಲಾ ಮರತುಬಿಡ್ತಾವು ಒಮ್ಮೊಮ್ಮಿ.”

ಹಳಗನ್ನಡ ಬಲ್ಲವರಿಗೆ ಇಷ್ಟು ಕನ್ನಡ ಅರ್ಥವಾಗದೆ ಇರುತ್ತದೆಯೇ? ಅವರು ಕನ್ನಡಕ ಮೇಲೆ ಸರಿಸಿ ಮೊದಲು ನನ್ನನ್ನು, ಆಮೇಲೆ ಗೋಡೆಯ ಬಟನ್ನನ್ನು ನೋಡಿದರು. “ಹೌದ?” ಎಂದರು. ಅಷ್ಟೆ.

ಮೂರನೆಯ ದಿನ ಪ್ರಿನ್ಸಿಪಾಲರ ಫೋನು ಬಂತು. ಕರೆಂಟು ಹೋಗಿತ್ತಂತೆ, ಬಂದ ಮೇಲೆ ವಿಡಿಯೋ ಮೊದಲಿನಂತೆ ನಡೆಯುತ್ತಿವೆಯಂತೆ. ನಾನು ಮತ್ತೆ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅಕ್ಕಾರಿಗೆಂದು ಕರದಂಟು ಕೊಂಡೆ. ಅಷ್ಟು ಹೊತ್ತಿಗೆ ನಾನು ಯಾರ ಪಕ್ಷ ಎಂಬುದು ನನಗೇ ಗೊತ್ತಾಗಿತ್ತು.

“ಇದಕ್ಕ ನೆನಪಿನ ಶಕ್ತಿ ಇಲ್ಲೇನ್ರಿ?” ಎಂದು ಪ್ರಿನ್ಸಿಪಾಲರು ಪೆಟ್ಟಿಗೆಯ ಮುಂದೆ ನಿಂತು ಗದರಿದರು.

“ವಯಸ್ಸಾಗೇದ್ರಿ ಸರ್ರ.”

“ವಯಸ್ಸಾದ್ರ ಮರತುಬಿಡೂದೇನು? ನನಗ ಅರವತ್ತರ ಹತ್ರ ಬಂತು. ಐವತ್ತು ವರ್ಷದ ಹಿಂದಿನ ಮಗ್ಗಿ ನೆನಪದಾವ.”

ಮತ್ತೆ ಬಂದ್ ಮಾಡಿಕೊಟ್ಟೆ. ಮತ್ತೆ ಸೇವ್ ಮಾಡಲಿಲ್ಲ. ಅವರು ಬೆನ್ನ ಹಿಂದೆಯೇ ನಿಂತು ಸ್ಕ್ರೀನು ನೋಡುತ್ತಿದ್ದರು, ಆದರೆ ನಾನು ಏನು ಒತ್ತಿದೆ ಎಂಬುದು ಅವರಿಗೆ ಕಾಣುತ್ತಿತ್ತೇ ಹೊರತು, ಏನು ಒತ್ತಲಿಲ್ಲ ಎಂಬುದು ಹೇಗೆ ಕಾಣಬೇಕು? ಅವತ್ತೇ ಇನ್ನೊಂದು ಕೆಲಸ ಮಾಡಿದೆ. ಪೆಟ್ಟಿಗೆಯ ಪಾಸ್‌ವರ್ಡು ಬಹಳ ಹಳೆಯದಾಗಿತ್ತು, ಬದಲಿಸಬೇಕಿತ್ತು. ಅವರು ಹುಬ್ಬು ಗಂಟಿಕ್ಕಿ ನಿಂತಿದ್ದ ರೀತಿ ನೋಡಿ ‘ಉರಿಮೋರಿ’ ಎಂದು ಇಟ್ಟೆ. ಈ ಪಾಸ್‌ವರ್ಡೊಂದನ್ನು ಮಾತ್ರ, ವಿಡಿಯೋ ಬಂದ್ ಮಾಡುವ ಮೊದಲೇ ಹಾಕಿ, ನೆನಪಿನಿಂದ ಸೇವ್ ಮಾಡಿದ್ದೆ. ಅದೊಂದನ್ನು ಮರೆತಿದ್ದರೆ ಮುಂದೆ ನನ್ನ ಮಾನ ಉಳಿಯುತ್ತಿತ್ತು.

ಪ್ರಿನ್ಸಿಪಾಲರು ಸುಮ್ಮನೆ ಕೂಡುವವರಲ್ಲ. ಕರೆಂಟು ಹೋದರೆ ತಾನೇ ಮರೆಯುವುದು ಎಂದು ಪೆಟ್ಟಿಗೆಗೆ ದೊಡ್ಡ ಬ್ಯಾಟರಿ ಕೂಡಿಸಿದರು. ಬಟನ್ನಿನ ಮೇಲೆ ‘ಯಾರೂ ಮುಟ್ಟಬಾರದು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದರು. ಇನ್ನು ಕರೆಂಟು ಹೋದರೂ ಪೆಟ್ಟಿಗೆ ಆರುವುದಿಲ್ಲ. ಅಕ್ಕಾರು ಫೋನು ಮಾಡಿ, “ಬ್ಯಾಟರಿ ತಂದ್ ಹಾಕ್ಯಾನವ್ವ ಪುಣ್ಯಾತ್ಮ. ಸೆಮಿಫೈನಲ್ ಬಂತು” ಎಂದು ಹಲುಬಿದರು. ನಾನು ನಕ್ಕು ಇಟ್ಟೆ. ಎರಡು ದಿನಕ್ಕೆ ಪ್ರಿನ್ಸಿಪಾಲರ ಫೋನು: ಮತ್ತೆ ವಿಡಿಯೋ ಬರುತ್ತಿವೆ!

ಏನಾಗಿತ್ತೆಂದರೆ, ಅಕ್ಕಾರು ಪಾಠಕ್ಕೆ ಹೋಗುವಾಗ ಕೈಯಲ್ಲಿ ಹಿಡಿದಿರುತ್ತಿದ್ದ ಉದ್ದನೆಯ ಕಟ್ಟಿಗೆ ಸ್ಕೇಲಿನಿಂದ, ನಡೆಯುತ್ತ ನಡೆಯುತ್ತಲೇ ಆ ಬಟನ್ನು ಒತ್ತಿ ಆರಿಸಿ, ವಾಪಸು ಬರುವಾಗ ಮತ್ತೆ ಹಚ್ಚಿದ್ದರು. “ನಾ ಮುಟ್ಟಿಲ್ಲವ್ವ. ಸ್ಕೇಲ್ ಮುಟ್ಟೇತಿ” ಎಂದು ಆಣೆ ಮಾಡುವವರ ಹಾಗೆ ಹೇಳಿದರು.

ಹೀಗೇ ಒಂದೂವರೆ ತಿಂಗಳಲ್ಲಿ ಐದು ಸಲ ಹೋಗಿ ಬಂದೆ. ಪ್ರತಿ ಸಲವೂ ನಾನು ಮೊದಲು ನೋಡುತ್ತಿದ್ದದ್ದು, ಪೆಟ್ಟಿಗೆ ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂಬ ಲೆಕ್ಕ. ಅದನ್ನು ಪೆಟ್ಟಿಗೆಯೇ ತೋರಿಸುತ್ತದೆ. ಕೊನೆಯ ಎರಡು ಸಲ ಆ ಲೆಕ್ಕ ಸ್ವಲ್ಪ ವಿಚಿತ್ರವಾಗಿತ್ತು. ಪೆಟ್ಟಿಗೆ ಆರಿ ಹೊತ್ತಿದ್ದು ಸಂಜೆ ಐದೂವರೆ, ಆರರ ಸುಮಾರಿಗೆ. ಕಾಲೇಜು ಬಿಡುವುದು ನಾಲ್ಕಕ್ಕೆ. ಅಕ್ಕಾರನ್ನು ಕೇಳಿದರೆ “ನಾಕೂವರಿಗೆ ನಾ ಮನ್ಯಾಗ ಚಾ ಕುಡೀತಿರ್ತೇನಿ ತಂಗಿ” ಎಂದರು. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ಬಿಟ್ಟೆ. ಒಬ್ಬ ಕಳ್ಳಿಗೆ ಇನ್ನೊಬ್ಬ ಕಳ್ಳಿಯ ಮೇಲೆ ಅಷ್ಟು ನಂಬಿಕೆ ಸಾಕು.

ಐದನೆಯ ಸಲ ಹೋದದ್ದು ಮಾತ್ರ ನಿಜವಾದ ಕೆಲಸಕ್ಕೆ. ಪರೀಕ್ಷೆ ಹತ್ತಿರ ಬಂದಿತ್ತು. ಈಗ ಪ್ರಶ್ನೆಪತ್ರಿಕೆಗಳು ಬರುವುದು ಇಂಟರ್ನೆಟ್ಟಿನಲ್ಲಿ. ಪರೀಕ್ಷೆ ಶುರುವಾಗುವ ಸ್ವಲ್ಪ ಮುಂಚೆ ತೆಗೆದು ಪ್ರಿಂಟ್ ಮಾಡಿಕೊಳ್ಳಬೇಕು. ಹಳೆಯ ಲೈನು ನಿಧಾನ ಎಂದು ಕಾಲೇಜಿನವರು ಅದನ್ನು ತೆಗೆಸಿ ಹೊಸ ಲೈನು ಹಾಕಿಸಿದ್ದರು. ಎಂದಿನಂತೆ ಮೊದಲು ವಿಡಿಯೋ ಬಂದ್ ಮಾಡಿದೆ. ಇನ್ನು ಹೊಸ ಲೈನಿನ ದಾರಿ ಹಿಡಿ ಎಂದು ಪೆಟ್ಟಿಗೆಗೆ ನಾನು ಹೇಳಬೇಕಿತ್ತು. ಹೇಳಿದೆ. ಇಂಟರ್ನೆಟ್ ಗಾಳಿಯ ಹಾಗೆ ಓಡತೊಡಗಿತು.

ಆಗ ನನ್ನ ಬೆರಳು ಸೇವ್ ಮಾಡಲು ಹೋಗಿ ನಿಂತಿತು. ಈ ಪೆಟ್ಟಿಗೆಗೆ ಅರ್ಧ ನೆನಪಿಟ್ಟುಕೋ, ಅರ್ಧ ಬಿಡು ಎನ್ನಲು ಬರುವುದಿಲ್ಲ. ಸೇವ್ ಎಂದರೆ ಆ ಹೊತ್ತಿಗೆ ಇದ್ದದ್ದೆಲ್ಲ ಸೇವ್. ಹೊಸ ಲೈನಿನ ಜೊತೆಗೆ ವಿಡಿಯೋ ಬಂದ್ ಆಗಿದ್ದೂ ಕಾಯಂ ಆಗುತ್ತದೆ. ದಾರಿ ಇಲ್ಲ ಅಂತಲ್ಲ. ಬಂದ್ ಮಾಡಿದ್ದನ್ನು ಮೊದಲು ತೆಗೆದು, ಸೇವ್ ಮಾಡಿ, ಮತ್ತೆ ಬಂದ್ ಮಾಡಿದರೆ ಆಯಿತು, ಎರಡು ನಿಮಿಷದ ಕೆಲಸ. ಆದರೆ ಪ್ರಿನ್ಸಿಪಾಲರು ಎರಡು ಕಪ್ಪು ಚಹಾ ತರಿಸಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಆ ಎರಡು ನಿಮಿಷದಲ್ಲಿ ಸ್ಟಾಫ್ ರೂಮಿನಿಂದ ಕ್ರಿಕೆಟ್ಟಿನ ಗದ್ದಲ ಬಂದರೆ? ನಾಳೆಯೋ ನಾಡಿದ್ದೋ ಬಂದು ಮಾಡೋಣ ಎಂದುಕೊಂಡೆ. ಬ್ಯಾಟರಿ ಇದೆ, ಸೆಮಿಫೈನಲ್ ಮುಗಿದಿದೆ, ಅಕ್ಕಾರಿಗೆ ಪರೀಕ್ಷೆ ಮುಗಿಯುವ ತನಕ ಸ್ಕೇಲು ಕೆಳಗಿಡಿ ಎಂದು ಹೇಳಿದರೆ ಸಾಕು. ಹೇಳಿದೆ. ಅವರು “ನನ್ನ ಪಾಲಿಗೆ ಈ ಬಟನ್ ಸತ್ತಂಗ” ಎಂದು ಮಾತು ಕೊಟ್ಟರು. ಚಹಾ ಕುಡಿದು ಬಂದೆ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ನಾನು ಬಾದಾಮಿಯಲ್ಲಿದ್ದೆ. ಅಲ್ಲಿನ ಒಂದು ಸೊಸೈಟಿಯಲ್ಲಿ ಕೆಲಸವಿತ್ತು, ಅವರು ಬಾಗಿಲು ತೆರೆಯುವ ಮುಂಚೆ ಬಸ್‌ಸ್ಟ್ಯಾಂಡಿನ ಎದುರು ಉಪ್ಪಿಟ್ಟು ತಿನ್ನುತ್ತಿದ್ದೆ. ಒಂಬತ್ತು ಗಂಟೆಗೆ ಫೋನು ಬಂತು. ಕನ್ನಡದ ಅಕ್ಕಾರು. ಬೇವಿನ ಗಿಡದ ಕೆಳಗಿನಿಂದ.

“ತಂಗಿ, ಇಂಟರ್ನೆಟ್ ಪೂರಾ ಹೋಗೇತಿ. ಹತ್ತಕ್ಕ ಪರೀಕ್ಷಾ. ಪ್ರಶ್ನೆಪತ್ರಿಕಿ ಬರವಲ್ದು. ಸರ್ ಬೆವತು ತೊಯ್ದ ತಪ್ಪಡಿ ಆಗ್ಯಾರ. ಹುಡುಗೂರು ಗೇಟಿನ ಮುಂದ ನಿಂತಾವು.”

ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟೆ. “ಅಕ್ಕಾರ, ನೀವು ಬಟನ್...”

“ಇಲ್ಲವ್ವ! ನನ್ನ ಮಕ್ಕಳಾಣಿ, ನಾ ಮುಟ್ಟಿಲ್ಲ, ಸ್ಕೇಲೂ ಮುಟ್ಟಿಲ್ಲ!”

ಯಾರು ಮುಟ್ಟಿದರೋ, ಪೆಟ್ಟಿಗೆ ಆರಿ ಹೊತ್ತಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಹೊಸ ಲೈನನ್ನು ಮರೆತು, ಇಲ್ಲದ ಹಳೆಯ ಲೈನನ್ನು ಹುಡುಕುತ್ತ ಕೂತಿತ್ತು. ಬಾದಾಮಿಯಿಂದ ಇಳಕಲ್ಲಿಗೆ ನಾನು ಹಾರಿಕೊಂಡು ಹೋದರೂ ಒಂದು ತಾಸಿನಲ್ಲಿ ಮುಟ್ಟುವುದಿಲ್ಲ. ಒಂದೇ ದಾರಿ. ನಾನು ಇಲ್ಲಿಂದ ಹೇಳಬೇಕು, ಅಲ್ಲಿ ಯಾರಾದರೂ ಒತ್ತಬೇಕು.

ಕಾರಿಡಾರಿಗೆ ಹತ್ತಿರದ ಕಂಪ್ಯೂಟರು ಆಫೀಸು ರೂಮಿನಲ್ಲಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಬೇರೆಯವರು ಕೈ ಹಚ್ಚುವುದು ಬೇಡ ಎಂದು ಪ್ರಿನ್ಸಿಪಾಲರೇ ಅದರ ಮುಂದೆ ಕೂತರು. ಆದರೆ ಅಲ್ಲಿ ಸಿಗ್ನಲ್ ಇಲ್ಲವಲ್ಲ? ಅಕ್ಕಾರು ಬೇವಿನ ಗಿಡದ ಕೆಳಗೆ ಫೋನು ಹಿಡಿದು ನಿಂತರು. ಅಂಗಳದ ಬಾಗಿಲಲ್ಲಿ ಆಟದ ಮಾಸ್ತರರು ನಿಂತರು. ಅವರ ದನಿ ಮೈದಾನದ ಆ ತುದಿಗೆ ಮುಟ್ಟುವಂಥದ್ದು. ನಾನು ಹೇಳಿದ್ದನ್ನು ಅಕ್ಕಾರು ಕೂಗಬೇಕು, ಅಕ್ಕಾರು ಕೂಗಿದ್ದನ್ನು ಮಾಸ್ತರರು ಒಳಕ್ಕೆ ಕೂಗಬೇಕು, ಪ್ರಿನ್ಸಿಪಾಲರು ಒಂದೇ ಬೆರಳಿನಿಂದ ಒತ್ತಬೇಕು. ಗೇಟಿನಲ್ಲಿ ನಿಂತ ಹುಡುಗ ಹುಡುಗಿಯರು ಪುಸ್ತಕ ಮುಚ್ಚಿ ಇದನ್ನೇ ನೋಡುತ್ತಿದ್ದರಂತೆ.

“ಮದ್ಲ ಪಾಸ್‌ವರ್ಡ್ ಕೇಳ್ತದಂತ, ಹೇಳು” ಎಂದರು ಅಕ್ಕಾರು.

ಆಗ ನನಗೆ ಹೊಳೆಯಿತು. ಅಷ್ಟರಲ್ಲಿ ಬಾದಾಮಿಯ ಮಂಗವೊಂದು ನನ್ನ ತಟ್ಟೆಗೆ ಕೈ ಹಾಕಿ ಉಪ್ಪಿಟ್ಟು ಎತ್ತಿಕೊಂಡು ಹೋಯಿತು. ಹೋಗಲಿ ಎಂದು ಬಿಟ್ಟೆ.

“ಅಕ್ಕಾರ, ಅಕ್ಷರ ಅಕ್ಷರ ಹೇಳ್ತೇನಿ. ಕೂಡಿಸಿ ಓದಬ್ಯಾಡ್ರಿ. ಯು.”

“ಯು!” ಎಂದರು ಅಕ್ಕಾರು. “ಯೂ!” ಎಂದು ಮಾಸ್ತರರು ಗುಡುಗಿದ್ದು ಬಾದಾಮಿಗೂ ಕೇಳಿಸಿತು.

“ಆರ್... ಐ... ಎಂ... ಓ... ಆರ್... ಐ.”

ಏಳೂ ಅಕ್ಷರ ಒಂದೊಂದಾಗಿ ಒಳಗೆ ಹೋದವು. ಆಮೇಲೆ ಮಾಸ್ತರರು, ತಪ್ಪಾಗಬಾರದೆಂಬ ಕಾಳಜಿಯಿಂದ, ಇಡೀ ಅಂಗಳಕ್ಕೆ ಕೇಳುವಂತೆ ಒದರಿದರು: “ಸರ್ರ, ಉರಿಮೋರಿ! ಹೌದಲ್ರಿ? ಉರಿಮೋರಿ ಅಂತ ಹೊಡೀರಿ!”

ಗೇಟಿನ ಕಡೆಯಿಂದ ನಗೆ ಎದ್ದದ್ದು ನನಗೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅಕ್ಕಾರು ನಗು ಬಿಗಿಹಿಡಿದು, “ಯವ್ವಾ ತಂಗಿ, ಏನ್ ಇಟ್ಟೀಯವ್ವ ನೀ” ಎಂದರು.

ಸ್ವಲ್ಪ ಹೊತ್ತಿಗೆ ಮಾಸ್ತರರು ವರದಿ ಮಾಡಿದರು: “ತಗೊಂತು ಅಂತ. ಮುಂದ ಹೇಳ್ರಿ!”

ನಾಲ್ಕೇ ಸಾಲು ಇದ್ದದ್ದು. ಅದರಲ್ಲಿ ಒಂದರ ತುಂಬ ಸೊನ್ನೆಗಳು. ‘ಸೊನ್ನೆ, ಚುಕ್ಕಿ, ಸೊನ್ನೆ, ಚುಕ್ಕಿ’ ಎಂದು ನಾನು ಹೇಳುತ್ತ ಹೋದ ಹಾಗೆ ಅಕ್ಕಾರು, ಮಾಸ್ತರರು ಇಬ್ಬರೂ ಅದನ್ನೇ ಹಾಡಿನ ಹಾಗೆ ಎಳೆದರು. ನಡುವೆ ಒಳಗಿನಿಂದ ಪ್ರಶ್ನೆ ಬಂತು: “ಒಟ್ಟು ಎಷ್ಟು ಸೊನ್ನಿ ಅಂತ ಕೇಳ್ತಾರ!” “ಎಂಟು!” ಎಂದೆ. “ಎಂಟು ಸೊನ್ನಿ ಆದ್ರೂ ಸೊನ್ನಿನ ಅಲ್ಲೇನು ಅಂತಾರ!” ಸಮಯ ಒಂಬತ್ತು ಇಪ್ಪತ್ತು. “ಅಕ್ಕಾರ, ಕೈ ಮುಗೀತೇನಿ, ಸುಮ್ಮ ಎಂಟು ಹೊಡೀರಿ ಅಂತ ಹೇಳ್ರಿ” ಎಂದೆ.

ನಾಲ್ಕನೆಯ ಸಾಲು ಒತ್ತಿದ ಮೇಲೆ ಅಲ್ಲಿ ಒಂದು ಕೂಗು ಎದ್ದಿತು. ಇಂಟರ್ನೆಟ್ ಬಂದಿತ್ತು. ಪ್ರಶ್ನೆಪತ್ರಿಕೆ ಇಳಿಯತೊಡಗಿತ್ತು. ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ.

ಆದರೆ ಇನ್ನೂ ಎರಡು ಅಕ್ಷರ ಬಾಕಿ ಇತ್ತು. ಇವತ್ತೂ ಅದನ್ನು ಹೇಳದೆ ಬಿಟ್ಟರೆ ನನ್ನಂಥ ಮೂರ್ಖಳು ಯಾರೂ ಇಲ್ಲ. “ಅಕ್ಕಾರ, ಕಡೀಕ ಎರಡ ಅಕ್ಷರ. ಡಬ್ಲ್ಯೂ, ಆರ್. ಒತ್ತಿ ಎಂಟರ್ ಹೊಡೀಬೇಕು.”

ಕೂಗು ಒಳಗೆ ಹೋಯಿತು. ಉತ್ತರವಾಗಿ ಒಂದು ಪ್ರಶ್ನೆ ಹೊರಗೆ ಬಂತು. “ಇದನ್ನ ಹೊಡದ್ರ ಏನಾಗ್ತದ ಅಂತ ಸರ್ ಕೇಳ್ತಾರ!”

“ಹೇಳಿದ್ದನ್ನ ಕಾಯಂ ನೆನಪಿಡ್ತದ ಅಂತ ಹೇಳ್ರಿ, ಅಕ್ಕಾರ. ಖರೆ ಹೇಳ್ರಿ.”

“ಖರೆ ಹೇಳಿದ್ರ ನೀ ಉಳೀತೀ ಏನು? ನಾ ಉಳೀತೇನಿ?” ಎಂದು ಪಿಸುಗುಟ್ಟಿದ ಅಕ್ಕಾರು, ದನಿ ಎತ್ತಿ ಕೂಗಿದರು: “ಪೂಜಾ ಮುಗದ ಮ್ಯಾಲ ಮಂಗಳಾರತಿ ಇದ್ದಂಗ ಅಂತ್ರಿ ಸರ್ರ!”

ಮಂಗಳಾರತಿ ಒಳಗೆ ಮುಟ್ಟಿತು. ಪ್ರಿನ್ಸಿಪಾಲರು ಎರಡು ಅಕ್ಷರ ಒತ್ತಿದರು. ಪೆಟ್ಟಿಗೆ ಎಲ್ಲವನ್ನೂ ನೆನಪಿಟ್ಟುಕೊಂಡೆ ಎಂದು ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ರಸಾಯನಶಾಸ್ತ್ರದವರಿಗೆ ಅಷ್ಟು ಸಾಕು. ಸ್ವಲ್ಪ ಹೊತ್ತು ಬಿಟ್ಟು ಮಾಸ್ತರರ ದನಿ, ಈ ಸಲ ಬಹಳ ಸಣ್ಣಗೆ: “ಹಂಗಾರ ಇಷ್ಟ ದಿನಾ ಮಂಗಳಾರತಿ ಯಾಕ ಆಗಿಲ್ಲ ಅಂತ ಕೇಳ್ರಿ ಅಂತಾರ. ನಾಳೆ ಅವರಿಗೆ ಖುದ್ದ ಬರ್ರಿ ಅಂತ ಹೇಳ್ರಿ ಅಂತನೂ ಅಂದ್ರು.”

ಪರೀಕ್ಷೆ ಹತ್ತಕ್ಕೇ ಶುರುವಾಯಿತು. ನನಗೆ ಆ ದಿನ ಮತ್ತೆ ಉಪ್ಪಿಟ್ಟು ಸೇರಲಿಲ್ಲ.

ಮರುದಿನ ಬಸ್ಸಿನಲ್ಲಿ ಹುನಗುಂದದ ತನಕ ಏನು ಹೇಳಬೇಕೆಂದು ಮೂರು ಸುಳ್ಳು ಸಿದ್ಧ ಮಾಡಿಕೊಂಡೆ. ಹುನಗುಂದ ದಾಟಿದ ಮೇಲೆ ಮೂರನ್ನೂ ಬಿಟ್ಟುಬಿಟ್ಟೆ. ಪ್ರಶ್ನೆಪತ್ರಿಕೆ ಬರದೆ ಹೋಗಿದ್ದರೆ? ಆ ಗೇಟಿನ ಮುಂದೆ ನಿಂತವರು ವರ್ಷವಿಡೀ ಓದಿ ಬಂದವರು. ನನ್ನ ಒಂದು ಚೇಷ್ಟೆಗೆ ಅವರು ಯಾಕೆ ಬಿಸಿಲಲ್ಲಿ ನಿಲ್ಲಬೇಕಿತ್ತು? ಅದನ್ನು ನೆನೆಸಿಕೊಂಡಾಗ ಮಾತ್ರ ನಗು ಬರಲಿಲ್ಲ.

ಕಾಲೇಜು ಮುಟ್ಟಿದವಳು ಮೊದಲು ಪೆಟ್ಟಿಗೆಯ ಹತ್ತಿರ ಹೋಗಿ ಲ್ಯಾಪ್‌ಟಾಪ್ ಹಚ್ಚಿ, ಅದು ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂದು ನೋಡಿದೆ. ಎರಡು ಸಲ ನೋಡಿದೆ. ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಬಾಗಿಲು ಹಾಕಲು ಹೇಳಿದರು.

“ಉರಿಮೋರಿ ಅಂದ್ರ ನಾನ ಏನ್ರಿ?”

“ಹೌದ್ರಿ ಸರ್ರ. ತಪ್ಪಾತ್ರಿ.”

“ಆ ಎರಡ ಅಕ್ಷರ ನಿಮಗ ಗೊತ್ತಿರಲಿಲ್ಲೋ, ಬೇಕಂತ ಬಿಟ್ರೋ?”

“ಬೇಕಂತ ಬಿಟ್ಟೇನ್ರಿ. ಮದ್ಲ ದಿನಾ ನೀವು ಯಾರರ ಗಂಡಸ್ರನ್ನ ಕೇಳ್ರಿ ಅಂದ್ರಿ. ಅದಕ್ಕ ಅಂತ ಶುರು ಮಾಡಿದ್ದು. ಆಮ್ಯಾಲ ಮಜಾ ಅನಸಾಕ ಹತ್ತಿತು. ಪರೀಕ್ಷಾಕ್ಕ ಅಡ್ಡ ಆಗಿದ್ದು ಮಾತ್ರ ನನ್ನ ತಪ್ಪರಿ. ಬೇಕಾರ ನಮ್ಮ ಆಫೀಸಿಗೆ ಹೇಳ್ರಿ.” ಅಕ್ಕಾರ ಹೆಸರು ನಾನು ಎತ್ತಲಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. “ಹೇಳ್ತೇನಿ. ಹೇಳದ ಬಿಡ್ತೇನೇನು? ಮತ್ತ ಆ ಬಟನ್ ಆರಿಸಿದವ್ರು ಯಾರು ಅಂಬೋದನ್ನೂ ಪತ್ತೆ ಹಚ್ಚತೇನಿ. ನಿನ್ನೆ ಮುಂಜಾನೆ ಪರೀಕ್ಷಾ ಹೊತ್ತಿನ್ಯಾಗ...”

“ನಿನ್ನೆ ಮುಂಜಾನೆ ಅಲ್ರಿ ಸರ್ರ” ಎಂದೆ. “ಈಗ ಪೆಟ್ಟಿಗಿ ನೋಡಿ ಬಂದೆ. ಅದು ಆರಿ ಹತ್ತಿದ್ದು ಮೊನ್ನೆ ಸಂಜಿ ಆರಕ್ಕ. ಹಿಂದಿನ ಎರಡ ಸಲಾನೂ ಸಂಜಿನ. ಆ ಹೊತ್ತಿಗೆ ಇಲ್ಲಿ...”

ಮಾತು ಮುಗಿಸಲಿಲ್ಲ. ಸಂಜೆ ಆರಕ್ಕೆ ಆ ಕಟ್ಟಡದ ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಅವರ ಮೇಜಿನ ಮೇಲಿದ್ದ ಕೀಲಿಗೊಂಚಲೇ ಹೇಳುತ್ತಿತ್ತು.

ಪೆನ್ನಿನ ಮುಚ್ಚಳ ನಿಂತಿತು. ಅವರು ಕಿಟಕಿಯಾಚೆ ನೋಡಿದರು, ಫ್ಯಾನು ನೋಡಿದರು. ಆಮೇಲೆ ಒಮ್ಮೆಲೇ ಅವರ ಮುಖ ಅಳುಕಿನಿಂದ ಎಳೆಯದಾಯಿತು, ಮಗ್ಗಿ ತಪ್ಪಿದವರ ಹಾಗೆ.

“ಮನ್ಯಾಗ ಫೋನ್ ಹಿಡದ್ರ ಮೊಮ್ಮಕ್ಕಳು ಕಸಗೋತಾವ್ರಿ” ಎಂದರು. “ಸಂಜಿಗೆ ಎಲ್ಲಾರೂ ಹೋದಮ್ಯಾಲ ಇಲ್ಲೇ ಒಂದ ತಾಸು ಕುಂದರತೇನಿ. ನಾಟಕ ಕಂಪನಿ ಕಾಮಿಡಿ ಬರ್ತಾವಲ್ರಿ, ಅವನ್ನ ನೋಡ್ತೇನಿ. ಚಿಕ್ಕಂದಿನಿಂದ ಹುಚ್ಚು. ನಾನ ನಿಮಗ ಹೇಳಿದ್ದೆ, ನನ್ನ ಚೇಂಬರ್ ಸೇರಿ ಬಂದ್ ಮಾಡ್ರಿ ಅಂತ. ಎಲ್ಲಾರ ಮುಂದ ಹೇಳಿದ್ದೆ. ಈಗ ನನ್ನದೊಂದ ಬಿಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?”

“ಅದಕ್ಕ ನೀವ ಬಟನ್ ಆರಸಿ...”

“ಆರಸಿ ಹಚ್ಚಿ ನೋಡತಿದ್ದೆ. ಮರುದಿನಾ ಸ್ಟಾಫ್ ರೂಮಿನ್ಯಾಗೂ ಚಾಲೂ ಆಗಿರತಿತ್ತಲ್ಲ, ಅದಕ್ಕ ನಿಮಗ ಫೋನ್ ಹಚ್ಚತಿದ್ದೆ. ಮೊನ್ನೆ ಸಂಜಿ ಆರಸಿ ಹಚ್ಚಿದ್ರ, ಇಂಟರ್ನೆಟ್ಟ ಪೂರಾ ಸತ್ತುಹೋತು! ರಾತ್ರಿ ನಿದ್ದಿ ಹತ್ತಲಿಲ್ಲ ನೋಡ್ರಿ. ನಿಮಗ ಹೇಳಬೇಕಂದ್ರ, ಆರಕ್ಕ ನೀವಲ್ಲಿ ಏನ್ ಮಾಡತಿದ್ರಿ ಅಂತ ಕೇಳ್ತೀರಿ. ಬೆಳಗ ಆಗೂದ್ರಾಗ ತಾನ ಸರಿ ಆಗಬಹುದು ಅಂತ ದೇವ್ರ ಮ್ಯಾಲ ಹಾಕಿ ಮಲಗಿದೆ.”

ನನಗೆ ನಗು ತಡೆಯುವುದು ಬಹಳ ಕಷ್ಟವಾಯಿತು. ಕೆಳಗೆ ನೋಡುತ್ತ ಕೂತೆ. ನೋಡಿದರೆ ಅವರ ಹೊಟ್ಟೆಯೂ ಅಲುಗುತ್ತಿತ್ತು. ಇಬ್ಬರೂ ಒಟ್ಟಿಗೆ ನಕ್ಕೆವು. ಸ್ಟಾಫ್ ರೂಮಿನಲ್ಲಿ ಕಿವಿಗೊಟ್ಟು ಕೂತಿದ್ದವರಿಗೆ ಏನನಿಸಿತೋ ಏನೋ, ಅಕ್ಕಾರು ಬಾಗಿಲು ಸ್ವಲ್ಪ ಸರಿಸಿ ಇಣುಕಿದರು.

“ಬರ್ರಿ, ಬರ್ರಿ. ಕೈಯಾಗ ಸ್ಕೇಲ್ ಇಲ್ಲಲ್ಲ ಇವತ್ತ?” ಎಂದರು ಪ್ರಿನ್ಸಿಪಾಲರು.

ಅಕ್ಕಾರು ಅಲ್ಲೇ ಕಲ್ಲಾದರು. ಪ್ರಿನ್ಸಿಪಾಲರಿಗೆ ಅದೂ ಗೊತ್ತಿತ್ತು. ಸ್ಕೇಲು ಬಟನ್ನು ಮುಟ್ಟಿದ ದಿನವೇ ನೋಡಿದ್ದರಂತೆ. ಹೇಳಿದರೆ ಬಟನ್ನಿಗೆ ಬೀಗ ಹಾಕಬೇಕಾಗುತ್ತದೆ, ಆಮೇಲೆ ತಮ್ಮ ಸಂಜೆಯ ಗತಿ ಏನು ಎಂದು ಸುಮ್ಮನಿದ್ದರಂತೆ.

ಅವತ್ತು ಮೂವರೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಪಾಠದ ಹೊತ್ತಿನಲ್ಲಿ ವಿಡಿಯೋ ಬಂದ್. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಒಂದು ತಾಸು, ಆಮೇಲೆ ಸಂಜೆ ನಾಲ್ಕರ ನಂತರ ಎಲ್ಲರಿಗೂ ಚಾಲೂ. ಫೈನಲ್ ಪಂದ್ಯದ ಬಗ್ಗೆ ಅಕ್ಕಾರು ಒಂದು ತಿದ್ದುಪಡಿ ತರಲು ನೋಡಿದರು, ಪ್ರಿನ್ಸಿಪಾಲರು ಒಪ್ಪಲಿಲ್ಲ. ಗಂಟೆ ನೋಡಿ ತಾನೇ ಬಂದ್ ಮಾಡಿ ತಾನೇ ತೆರೆಯುವಂತೆ ಪೆಟ್ಟಿಗೆಗೆ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. ಪಾಸ್‌ವರ್ಡೂ ಬದಲಾಯಿತು. ಅದನ್ನು ಅವರೇ ಇಟ್ಟರು, ನಾನು ಮುಖ ಆಚೆ ತಿರುಗಿಸಿದ್ದೆ.

“ಮಂಗಳಾರತಿ ನಾ ಮಾಡ್ತೇನಿ” ಎಂದು ಕೊನೆಯ ಎರಡು ಅಕ್ಷರವನ್ನು ಅವರೇ ಒತ್ತಿದರು. ಆದರೂ ನಂಬಿಕೆ ಬರಲಿಲ್ಲ. ಕಾರಿಡಾರಿಗೆ ಎಲ್ಲರನ್ನೂ ಕರೆದು, ತಾವೇ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು, ಎಲ್ಲರ ಎದುರು ಬಟನ್ನು ಆರಿಸಿ ಮತ್ತೆ ಹಚ್ಚಿದರು. ನನಗೆ “ಈಗ ನೋಡೋಣ” ಎಂದರು.

ಆ ಪೆಟ್ಟಿಗೆ ಪೂರ್ತಿ ಎಚ್ಚರವಾಗಲು ಮೂರು ನಾಲ್ಕು ನಿಮಿಷ ಬೇಕು. ಅಷ್ಟು ಹೊತ್ತು ವೈಫೈ ಇಲ್ಲ, ಸಿಗ್ನಲ್ ಮೊದಲೇ ಇಲ್ಲ. ಹತ್ತು ಹದಿನೈದು ಜನ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು. ಆಗ ಆಟದ ಮಾಸ್ತರರು, “ಸರ್ರ, ನೀವು ನಾಟಕ ನೋಡ್ತೀರಂತ, ಖರೆ ಏನ್ರಿ?” ಎಂದು ಕೇಳಿಬಿಟ್ಟರು. ಗೋಡೆ ಎಷ್ಟೇ ದಪ್ಪವಿದ್ದರೂ ಸುದ್ದಿಗೆ ಸಿಗ್ನಲ್ ಬೇಕಿಲ್ಲ. ಪ್ರಿನ್ಸಿಪಾಲರು ಒಮ್ಮೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಇಸ್ತ್ರಿಯ ಅಂಗಿಯ ಕೈ ಮಡಚಿ, ಸೊಂಟಕ್ಕೆ ಕೈ ಕೊಟ್ಟು, ಕುಡುಕ ಅಳಿಯನೊಬ್ಬ ಮಾವನ ಮನೆಯ ಬಾಗಿಲು ತಪ್ಪಿ ಪಕ್ಕದ ಮನೆ ಹೊಕ್ಕಂತೆ ಒಂದು ಪಾತ್ರ ಮಾಡಿ ತೋರಿಸಿದರು. ಮಾವನ ದನಿ ಬೇರೆ, ಅಳಿಯನದು ಬೇರೆ, ಪಕ್ಕದ ಮನೆಯ ಮುದುಕಿಯದು ಮತ್ತೂ ಬೇರೆ. ಅಕ್ಕಾರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಹನ್ನೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ ಆಟದ ಮಾಸ್ತರರು ಬಾಯಿ ತೆರೆದು ನಿಂತಿದ್ದರು.

ನಾನು ಒಂದು ಕಣ್ಣು ಪೆಟ್ಟಿಗೆಯ ಮೇಲೆ ಇಟ್ಟಿದ್ದೆ. ದೀಪಗಳು ಒಂದೊಂದಾಗಿ ಹಸಿರಾದವು. ಹೊಸ ಲೈನು ನೆನಪಿತ್ತು, ಊಟದ ಹೊತ್ತು ನೆನಪಿತ್ತು, ಎಲ್ಲವೂ ಇತ್ತು. “ಸರ್ರ, ಬಂತ್ರಿ” ಎಂದೆ.

“ನಿಂದರು ತಂಗಿ, ಮುದುಕಿ ಇನ್ನ ಬಡಿಗಿ ತಗೊಂಡ ಬರೂದೈತಿ” ಎಂದರು ಅಕ್ಕಾರು, ಕಣ್ಣು ಒರೆಸಿಕೊಳ್ಳುತ್ತ.